ಯಂತ್ರ ಕೊಟ್ಟರೆ ಸಾಲದು, ಜೊತೆಗೊಬ್ಬರು ಬೇಕು

ಕಣ್ಣು ಕಾಣದವರಿಗಾಗಿ ನಾವು ಮಾಡಿಕೊಂಡಿರುವ ಏರ್ಪಾಡುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಮಾತಾಡುವ ಮೊಬೈಲ್, ಮೆಟ್ರೊ ರೈಲಿನೊಳಗೆ ಮುಂದಿನ ನಿಲ್ದಾಣದ ಘೋಷಣೆ, ಆಡಿಯೊ ಪುಸ್ತಕ, ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಿ ಉತ್ತರ ಬರೆದುಕೊಳ್ಳುವ ಲಿಪಿಕಾರ. ಬ್ರೈಲ್ ಲಿಪಿ, ಬಿಳಿ ಕೋಲು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಕಿವಿಯನ್ನೇ ನಂಬಿಕೊಂಡಿವೆ. ಕಿವಿ ಕೇಳದವರ ಏರ್ಪಾಡುಗಳತ್ತ ತಿರುಗಿದರೆ ಸಂಜ್ಞಾ ಭಾಷೆ, ಟಿವಿ ಪರದೆಯ ಅಡಿಬರಹ, ತುಟಿ ನೋಡಿ ಮಾತು ಹಿಡಿಯುವ ತರಬೇತಿ ಕಾಣುತ್ತವೆ. ಇವೆಲ್ಲ ಕಣ್ಣನ್ನು ನಂಬಿಕೊಂಡಿವೆ. ಒಂದು ಇಂದ್ರಿಯದ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳುವುದು ಸಹಜವಾದ ಉಪಾಯ, ಅದರಲ್ಲಿ ತಪ್ಪೇನಿಲ್ಲ. ಆದರೆ ಎರಡೂ ಇಲ್ಲದವರು, ಅಥವಾ ಎರಡೂ ಅರೆಬರೆ ಉಳಿದವರು ಎಲ್ಲಿಗೆ ಹೋಗಬೇಕು? ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಎಂ. ಶ್ರೀನಿವಾಸ ರಾವ್ ಅವರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ತೆರೆದರು. ಅಷ್ಟು ಹಳೆಯ ಪರಂಪರೆ ಇರುವ ನಾಡಿನಲ್ಲೂ ಕಿವುಡು-ಅಂಧರ ಪ್ರಶ್ನೆಗೆ ಇನ್ನೂ ನೇರ ಉತ್ತರವಿಲ್ಲ. ಅವರಿಗೆ ಮೊದಲು ಬೇಕಾಗಿರುವುದು ಸಾಧನವೂ ಅಲ್ಲ, ಮಾಸಾಶನದ ಹೆಚ್ಚಳವೂ ಅಲ್ಲ. ತರಬೇತಿ ಪಡೆದ ಒಬ್ಬ ಮನುಷ್ಯ, ವಾರಕ್ಕೆ ಇಷ್ಟು ಗಂಟೆ ಎಂದು ಜೊತೆಗಿರುವುದು ಬೇಕಾಗಿದೆ. ಇದನ್ನು ಸರ್ಕಾರ ಸಂಬಳ ಕೊಟ್ಟು ನಡೆಸುವ ಸೇವೆಯನ್ನಾಗಿ ಮಾಡಬೇಕು ಎಂಬುದು ನನ್ನ ವಾದ.

ಕಿವುಡು-ಅಂಧರು ಎಂದ ಕೂಡಲೇ ಹೆಲೆನ್ ಕೆಲ್ಲರ್ ನೆನಪಾಗಿ, ಅದೇನೋ ಕೋಟಿಗೊಬ್ಬರಿಗೆ ಬರುವ ಸ್ಥಿತಿ ಅನ್ನಿಸುತ್ತದೆ. ಹಾಗಿಲ್ಲ. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಮಗುವಿನ ಕಣ್ಣು, ಕಿವಿ ಎರಡಕ್ಕೂ ಪೆಟ್ಟು ಬೀಳಬಹುದು. ಇದನ್ನು ತಡೆಯುವ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ 2017ರ ಫೆಬ್ರುವರಿಯಲ್ಲಿ ಶುರುವಾದದ್ದು ಬೆಂಗಳೂರಿನಿಂದಲೇ. ಅಶರ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯಲ್ಲಿ ಹುಟ್ಟಿನಿಂದ ಅಥವಾ ಎಳವೆಯಿಂದ ಶ್ರವಣದೋಷವಿದ್ದು, ಮುಂದೆ ದೃಷ್ಟಿಯೂ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬರುತ್ತದೆ. ಇವೆರಡಕ್ಕಿಂತ ಸಾಮಾನ್ಯವಾದದ್ದು ಮುಪ್ಪು. ಎಂಬತ್ತರ ಅಜ್ಜಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಗಿದೆ, ಕಿವಿಯೂ ಮಂದವಾಗಿದೆ. ಕರೆದರೆ ಓಗೊಡುವುದಿಲ್ಲ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾಳೆ, ಎದುರಿಗೆ ಬಂದವರ ಗುರುತು ಹಿಡಿಯುವುದಿಲ್ಲ. ಮನೆಯವರು ಅರಳುಮರಳು ಎಂದುಕೊಂಡು ಸುಮ್ಮನಾಗುತ್ತಾರೆ. ಬುದ್ಧಿ ನೆಟ್ಟಗಿದ್ದೂ ಸುದ್ದಿ ತಲುಪದ ಇಂಥವರನ್ನು ಯಾವ ಲೆಕ್ಕಕ್ಕೆ ಸೇರಿಸುವುದು? 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಂಟು ಬಗೆಯಲ್ಲಿ ಎಣಿಸಿತು. ಅದರಲ್ಲಿ ಕಿವುಡು-ಅಂಧತ್ವಕ್ಕೆ ಬೇರೆ ಕಾಲಂ ಇರಲಿಲ್ಲ, ಬಹುವಿಧ ಅಂಗವೈಕಲ್ಯದ ರಾಶಿಯಲ್ಲಿ ಅದು ಬೆರೆತುಹೋಯಿತು. ವಿಶ್ವ ಕಿವುಡು-ಅಂಧರ ಒಕ್ಕೂಟ 22 ದೇಶಗಳ ಮಾಹಿತಿ ಇಟ್ಟುಕೊಂಡು 2018ರಲ್ಲಿ ಕೊಟ್ಟ ಅಂದಾಜಿನಂತೆ, ತೀವ್ರ ಕಿವುಡು-ಅಂಧತ್ವ ಇರುವವರು ಜನಸಂಖ್ಯೆಯ ಶೇ 0.2ರಷ್ಟು. ಕರ್ನಾಟಕದ 2011ರ 6.11 ಕೋಟಿ ಜನಸಂಖ್ಯೆಗೆ ಇದನ್ನು ಹಾಗೇ ಅನ್ವಯಿಸಿದರೆ 1.22 ಲಕ್ಷವಾಗುತ್ತದೆ. ಇದು ನಮ್ಮಲ್ಲಿ ಮನೆಮನೆಗೆ ಹೋಗಿ ಎಣಿಸಿದ ಸಂಖ್ಯೆಯಲ್ಲ, ಗುಣಾಕಾರವಷ್ಟೇ. ಅದರ ಅರ್ಧವೇ ನಿಜವೆಂದರೂ ಉಪೇಕ್ಷಿಸುವಷ್ಟು ಸಣ್ಣ ಗುಂಪಲ್ಲ.

ಕಾನೂನು ಇವರನ್ನು ಪೂರ್ತಿ ಮರೆತಿಲ್ಲ. 1995ರ ಕಾಯ್ದೆಯಲ್ಲಿ ಹೆಸರೇ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿ, ಬಹುವಿಧ ಅಂಗವೈಕಲ್ಯದ ಅಡಿಯಲ್ಲಿ ಕಿವುಡು-ಅಂಧತ್ವವನ್ನು ಹೆಸರಿಸಿತು. ಹೆಸರು ಬಂತು, ಆದರೆ ಅಳತೆಗೋಲು ಹಳೆಯದೇ ಉಳಿಯಿತು. ಪ್ರಮಾಣಪತ್ರಕ್ಕೆ ಹೋದವರ ಕಣ್ಣನ್ನು ಒಬ್ಬ ವೈದ್ಯರು ನೋಡಿ ಶೇಕಡಾವಾರು ಬರೆಯುತ್ತಾರೆ, ಕಿವಿಯನ್ನು ಇನ್ನೊಬ್ಬರು. ಎರಡನ್ನೂ ಸೇರಿಸಲು 2018ರ ಮಾರ್ಗಸೂಚಿ ಒಂದು ಸೂತ್ರ ಕೊಟ್ಟಿತು: ದೊಡ್ಡ ಅಂಕಿಯನ್ನು 90ರಿಂದ ಕಳೆದು, ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಕೂಡಬೇಕು. ದೃಷ್ಟಿಯಲ್ಲಿ ಶೇ 60, ಶ್ರವಣದಲ್ಲಿ ಶೇ 50 ನ್ಯೂನತೆ ಇರುವವರಿಗೆ ಈ ಲೆಕ್ಕದಲ್ಲಿ ಸಿಗುವುದು ಸುಮಾರು 77. ಒಟ್ಟು ನೂರು ಮೀರಬಾರದೆಂಬ ಉದ್ದೇಶಕ್ಕೆ ಸೂತ್ರ ಸರಿಯೇ ಇದೆ, ಪಿಂಚಣಿಯ ಹಂತ ನಿರ್ಧರಿಸಲು ಅದು ಸಾಕಾಗಬಹುದು. ಆದರೆ ಬದುಕಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಕಿವುಡರಿಗೆ ಕಣ್ಣು ಕೊಡುವ ಆಸರೆ, ಅಂಧರಿಗೆ ಕಿವಿ ಕೊಡುವ ಆಸರೆ ಇಲ್ಲಿ ಎರಡೂ ಕಡಿದುಹೋಗಿರುತ್ತವೆ. ದಿನದಲ್ಲಿ ಎಷ್ಟು ಹೊತ್ತು ಇನ್ನೊಬ್ಬರು ಜೊತೆಗೆ ಬೇಕು ಎಂಬುದನ್ನು ಯಾವ ಶೇಕಡಾವಾರು ಅಂಕಿಯೂ ಹೇಳುವುದಿಲ್ಲ. ಅದೇ ಕಾಯ್ದೆಯ 38ನೇ ಸೆಕ್ಷನ್, ಹೆಚ್ಚಿನ ಬೆಂಬಲ ಬೇಕಾದವರು ಅದಕ್ಕಾಗಿ ಅರ್ಜಿ ಹಾಕಬಹುದು, ಮಂಡಳಿಯೊಂದು ಅದನ್ನು ಪರಿಶೀಲಿಸಬೇಕು ಎನ್ನುತ್ತದೆ. ನಾನು ಕೇಳುತ್ತಿರುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.

ಹೆಲೆನ್ ಕೆಲ್ಲರ್ ಕಥೆಯನ್ನು ನಾವು ಮಕ್ಕಳಿಗೆ ಛಲದ ಕಥೆಯಾಗಿ ಹೇಳುತ್ತ ಬಂದಿದ್ದೇವೆ. ಛಲ ಇತ್ತು, ಸರಿ. ಆದರೆ 1887ರ ಮಾರ್ಚ್‌ನಲ್ಲಿ ಕೆಲ್ಲರ್ ಮನೆಗೆ ಕೆಲಸಕ್ಕೆ ಬಂದ ಶಿಕ್ಷಕಿ ಆನ್ ಸಲಿವನ್ 1936ರಲ್ಲಿ ಸಾಯುವವರೆಗೂ ಜೊತೆಗಿದ್ದಳು. ರಾಡ್‌ಕ್ಲಿಫ್ ಕಾಲೇಜಿನ ಪಾಠಗಳನ್ನು ಅಕ್ಷರ ಅಕ್ಷರವಾಗಿ ಕೆಲ್ಲರ್ ಅಂಗೈಗೆ ದಾಟಿಸಿದವಳು ಅವಳೇ. 1904ರ ಆ ಪದವಿಯ ಹಿಂದೆ ಇನ್ನೊಬ್ಬ ಹೆಣ್ಣುಮಗಳ ಸಾವಿರಾರು ಗಂಟೆಗಳ ದುಡಿಮೆ ಇದೆ. ಛಲವನ್ನಷ್ಟೇ ಹೊಗಳಿದಾಗ ಆ ದುಡಿಮೆ ಮರೆಯಾಗುತ್ತದೆ, ಜೊತೆಗೆ ಸರ್ಕಾರದ ಹೊಣೆಯೂ. ಜಪಾನಿನ ಸತೋಶಿ ಫುಕುಶಿಮಾ ಒಂಬತ್ತನೇ ವಯಸ್ಸಿಗೆ ದೃಷ್ಟಿಯನ್ನೂ ಹದಿನೆಂಟಕ್ಕೆ ಶ್ರವಣವನ್ನೂ ಕಳೆದುಕೊಂಡವರು. ಬ್ರೈಲ್ ಟೈಪ್‌ರೈಟರಿನ ಆರು ಕೀಲಿಗಳ ಬದಲು ಮಗನ ಆರು ಬೆರಳುಗಳನ್ನೇ ತಟ್ಟಿ ಮಾತು ದಾಟಿಸುವ ಉಪಾಯ ಅವರ ತಾಯಿಗೆ ಹೊಳೆಯಿತು. ಮುಂದೆ ಫುಕುಶಿಮಾ ಟೋಕಿಯೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಈ ವಿಧಾನ ಕನ್ನಡಕ್ಕೂ ಹೊಂದುತ್ತದೆ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ‘ಕ’ ಅಕ್ಷರಕ್ಕೆ ಒಂದು ಮತ್ತು ಮೂರನೇ ಚುಕ್ಕಿ, ಅಂದರೆ ಎಡಗೈಯ ತೋರುಬೆರಳು, ಉಂಗುರಬೆರಳು ಎರಡನ್ನೂ ಒಟ್ಟಿಗೆ ಒಮ್ಮೆ ತಟ್ಟಿದರೆ ಆಯಿತು. ಬ್ರೈಲ್ ಬಾರದವರಿಗೆ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯಬಹುದು. ಸಂಜ್ಞಾ ಭಾಷೆ ಬಲ್ಲವರು ಎದುರಿನವರ ಕೈಗಳ ಮೇಲೆ ತಮ್ಮ ಕೈ ಹಗುರವಾಗಿ ಇಟ್ಟು ಸಂಜ್ಞೆಗಳನ್ನು ಓದಿಕೊಳ್ಳುತ್ತಾರೆ. ಅಕ್ಷರವೇ ಬಾರದ ಹಿರಿಯರಿಗೆ ಊಟಕ್ಕೊಂದು, ಔಷಧಿಗೊಂದು, ನೆಂಟರು ಬಂದರೆಂಬುದಕ್ಕೊಂದು ಸ್ಪರ್ಶದ ಗುರುತು ಕಲಿಸಬಹುದು. ಯಾವುದಕ್ಕೂ ದುಬಾರಿ ಸಲಕರಣೆ ಬೇಡ, ಆದರೆ ಪ್ರತಿಯೊಂದಕ್ಕೂ ಕಲಿತವರೊಬ್ಬರು ಪಕ್ಕದಲ್ಲಿ ಕೂತಿರಬೇಕು.

ಇದನ್ನು ಸೇವೆಯಾಗಿ ನಡೆಸಲು ಆಗುತ್ತದೆಯೇ ಎಂಬುದಕ್ಕೆ ಇಂಗ್ಲೆಂಡ್ ಒಂದು ನಿದರ್ಶನ. 2001ರ ಅಲ್ಲಿನ ಸರ್ಕಾರಿ ಮಾರ್ಗಸೂಚಿ ಸ್ಥಳೀಯ ಸಂಸ್ಥೆಗಳಿಗೆ ನಿರ್ದಿಷ್ಟ ಹೊಣೆ ಹೊರಿಸಿತು: ತಮ್ಮ ವ್ಯಾಪ್ತಿಯ ಕಿವುಡು-ಅಂಧರನ್ನು ತಾವೇ ಹುಡುಕಿ, ಸಂಪರ್ಕಿಸಿ, ದಾಖಲೆ ಇಡಬೇಕು. ಇದರಲ್ಲಿ ಪರಿಣತಿ ಇರುವವರಿಂದಲೇ ಅವರ ಅಗತ್ಯದ ಅಂದಾಜು ಮಾಡಿಸಬೇಕು. ಬೇಕಾದವರಿಗೆ ಪ್ರತ್ಯೇಕ ತರಬೇತಿ ಪಡೆದ ಸಹಾಯಕರನ್ನು ಒದಗಿಸಬೇಕು. 2014ರ ಆರೈಕೆ ಕಾಯ್ದೆಯ ನಂತರವೂ ಈ ಹೊಣೆ ಮುಂದುವರಿದಿದೆ. ಬಂದು ಅರ್ಜಿ ಹಾಕಲಿ ಎಂದು ಕಾಯದೆ ಹುಡುಕಿ ಹೋಗಬೇಕೆಂಬ ಮಾತು ನನಗೆ ಇದರಲ್ಲಿ ಮುಖ್ಯವಾಗಿ ಕಾಣುತ್ತದೆ. ಕಚೇರಿಯ ನೋಟಿಸ್ ಬೋರ್ಡ್ ಕಾಣದವರು, ಡಂಗುರ ಕೇಳದವರು ಅರ್ಜಿ ಹಾಕುವುದಾದರೂ ಹೇಗೆ? ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿ 2010ರ ಕಾನೂನಿನ ಬಲದಿಂದ ಕಿವುಡು-ಅಂಧರಿಗೆ ಸಂವಹನ ಸಾಧನ ಹಂಚಲು ವರ್ಷಕ್ಕೆ ಒಂದು ಕೋಟಿ ಡಾಲರ್‌ವರೆಗೆ ರಾಷ್ಟ್ರಮಟ್ಟದ ನಿಧಿ ಇದೆ. ಜೊತೆಗಾರರ ಸೇವೆಗೆ ಮಾತ್ರ ಅಂಥ ಭದ್ರತೆ ಇಲ್ಲ, ರಾಜ್ಯದಿಂದ ರಾಜ್ಯಕ್ಕೆ ಸ್ಥಿತಿ ಬದಲಾಗುತ್ತದೆ. ಯಂತ್ರ ಹಂಚುವುದು ಎಲ್ಲ ಸರ್ಕಾರಗಳಿಗೂ ಸಲೀಸು. ಫೋಟೊ ತೆಗೆಸಿಕೊಳ್ಳಲೂ ಅನುಕೂಲ.

ತಂತ್ರಜ್ಞಾನ ಇಷ್ಟು ಮುಂದುವರಿದಿರುವಾಗ ಮನುಷ್ಯರನ್ನೇ ನೇಮಿಸಬೇಕೇ ಎಂಬ ಆಕ್ಷೇಪ ಬರುತ್ತದೆ. ಮೊಬೈಲ್ ಪರದೆಯ ಮೇಲಿನ ಬರಹವನ್ನು ಏಳುವ ಇಳಿಯುವ ಚುಕ್ಕಿಗಳಾಗಿ ಬೆರಳಡಿಗೆ ತರುವ ಬ್ರೈಲ್ ಸಾಧನಗಳು ಬಂದಿವೆ, ಬೆಲೆಯೂ ಮೊದಲಿಗಿಂತ ಇಳಿದಿದೆ. ಹಾಬೆನ್ ಗಿರ್ಮಾ 2013ರಲ್ಲಿ ಹಾರ್ವರ್ಡ್ ಕಾನೂನು ಪದವಿ ಪಡೆದ ಮೊದಲ ಕಿವುಡು-ಅಂಧ ವಿದ್ಯಾರ್ಥಿನಿಯಾದರು. ಎದುರಿನವರು ಕೀಲಿಮಣೆಯಲ್ಲಿ ಒತ್ತಿದ್ದನ್ನು ಅವರು ಇಂಥ ಸಾಧನದಲ್ಲೇ ಓದಿಕೊಳ್ಳುತ್ತಾರೆ. ಬ್ರೈಲ್ ಬಲ್ಲವರಿಗೆ ಇದು ದೊಡ್ಡ ಬಿಡುಗಡೆ, ಖಂಡಿತ ಸಿಗಬೇಕು. ಆದರೆ ಅದನ್ನು ಬಳಸಲು ಕಲಿಸುವವರು ಯಾರು? ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡ ಕಿವುಡ ಕೂಲಿಕಾರನಿಗೆ ಬ್ರೈಲ್ ಹೇಳಿಕೊಡುವವರು ಯಾರು? ಸಾಧನ ಎಷ್ಟೇ ಚೆನ್ನಾಗಿದ್ದರೂ ಅದು ಸಂತೆಯಲ್ಲಿ ತರಕಾರಿ ಆರಿಸಲು ಜೊತೆಗೆ ಬರುವುದಿಲ್ಲ, ಸಿಗ್ನಲ್ ಇಲ್ಲದ ರಸ್ತೆ ದಾಟಿಸುವುದಿಲ್ಲ.

ಇನ್ನೊಂದು ಆಕ್ಷೇಪ ನಮ್ಮ ಸಂಸ್ಕೃತಿಯ ಹೆಸರಿನಲ್ಲಿ ಬರುತ್ತದೆ: ಮನೆಯವರು ಇರುವುದು ಮತ್ತೇಕೆ? ಮನೆಯವರು ನೋಡಿಕೊಳ್ಳುತ್ತಿದ್ದಾರೆ, ನಿಜ. ಹಾಗೆಂದಾಗ ನಿಜಕ್ಕೂ ನೋಡಿಕೊಳ್ಳುತ್ತಿರುವುದು ಹೆಚ್ಚಾಗಿ ತಾಯಿ, ಹೆಂಡತಿ ಅಥವಾ ಸೊಸೆ. ಅವಳು ಬಿಟ್ಟ ಕೂಲಿಯ ಲೆಕ್ಕ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ನೆರೆಯ ಕೇರಳ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ಇಂಥ ಆರೈಕೆದಾರರಿಗೆ ತಿಂಗಳಿಗೆ 600 ರೂಪಾಯಿ ನಿಗದಿ ಮಾಡಿತು. ಮೊತ್ತ ತೀರ ಸಣ್ಣದು, ಆದರೂ ಅದು ದುಡಿಮೆ ಎಂದು ಒಪ್ಪಿಕೊಂಡಂತಾಯಿತು. ಅದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಹೊರಜಗತ್ತಿನ ಸುದ್ದಿಯೆಲ್ಲ ಒಬ್ಬರೇ ಬಂಧುವಿನ ಕೈಯಿಂದ ಬರುವುದಾದರೆ, ಆ ಬಂಧುವಿನ ಜೊತೆಗೇ ಜಗಳವಾದಾಗ ದೂರುವುದು ಯಾರಿಗೆ? ಬ್ಯಾಂಕ್ ಖಾತೆಯಲ್ಲಿ ಎಷ್ಟಿದೆ, ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ಯಾವುದು, ವೈದ್ಯರು ನಿಜವಾಗಿ ಏನೆಂದರು ಎಂಬುದನ್ನು ಮನೆಯ ಹೊರಗಿನವರೊಬ್ಬರಿಂದ ತಿಳಿದುಕೊಳ್ಳುವ ದಾರಿ ಇರಬೇಕು. ಆ ಹೊರಗಿನವರೂ ಮೋಸ ಮಾಡಬಹುದಲ್ಲ ಎಂದರೆ, ಮಾಡಬಹುದು. ಅದಕ್ಕೇ ತರಬೇತಿ, ನೋಂದಣಿ, ಗೋಪ್ಯತೆಯ ಕರಾರು, ಆಗಾಗ ಸಹಾಯಕರನ್ನು ಬದಲಿಸುವ ಪದ್ಧತಿ ಇರಬೇಕು. ಕಂಡದ್ದನ್ನೂ ಕೇಳಿದ್ದನ್ನೂ ತಿಳಿಸುವುದಷ್ಟೇ ಸಹಾಯಕರ ಕೆಲಸ, ತೀರ್ಮಾನ ಆ ವ್ಯಕ್ತಿಯದು. ನಮ್ಮ ಚುನಾವಣಾ ನಿಯಮಗಳು ಇದನ್ನು ಎಂದೋ ಒಪ್ಪಿವೆ: ಕಣ್ಣು ಕಾಣದ ಮತದಾರ 18 ತುಂಬಿದ ಒಬ್ಬರನ್ನು ಮತಗಟ್ಟೆಯೊಳಗೆ ಕರೆದೊಯ್ಯಬಹುದು, ಆ ಜೊತೆಗಾರ ಮತದ ಗುಟ್ಟು ಕಾಯುವುದಾಗಿ ಬರೆದುಕೊಡಬೇಕು, ಅದೇ ದಿನ ಇನ್ನೊಬ್ಬ ಮತದಾರನಿಗೆ ಜೊತೆಗಾರನಾಗುವಂತಿಲ್ಲ. ಐದು ವರ್ಷಕ್ಕೊಮ್ಮೆ ಇಷ್ಟು ಎಚ್ಚರದಿಂದ ಒದಗಿಸುವ ಜೊತೆಯನ್ನು ಉಳಿದ ದಿನಗಳಿಗೂ ಕೇಳುವುದು ಅತಿಯಾಸೆಯಲ್ಲ.

ಕೊನೆಗೆ ಉಳಿಯುವುದು ಹಣದ ಪ್ರಶ್ನೆ. ಒಬ್ಬರಿಗೊಬ್ಬರು ಎಂಬ ಸೇವೆ ದುಬಾರಿ, ಒಪ್ಪುತ್ತೇನೆ. ಆದರೆ ಇಡೀ ದಿನದ ಜೊತೆ ಎಲ್ಲರಿಗೂ ಬೇಕಿಲ್ಲ. ಬ್ಯಾಂಕು, ಆಸ್ಪತ್ರೆ, ಸಂತೆ, ಒಂದಿಷ್ಟು ಮಾತುಕತೆ ಎಂದು ವಾರಕ್ಕೆ ಕೆಲವು ಗಂಟೆ ಸಿಕ್ಕರೂ ಬಹಳ ಜನರ ಬದುಕು ಬದಲಾಗುತ್ತದೆ. ಅದಕ್ಕೆ ಬೇಕಾದ ಅಡಿಪಾಯ ಕರ್ನಾಟಕದಲ್ಲಿ ಆಗಲೇ ಇದೆ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಲ್ಲರ ಬಾಯಲ್ಲಿರುವ ವಿಆರ್‌ಡಬ್ಲ್ಯು, ಎಂಆರ್‌ಡಬ್ಲ್ಯುಗಳು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನದ ಅರ್ಜಿ ಎಂದು ಮನೆಮನೆ ಸುತ್ತುತ್ತಿದ್ದಾರೆ. ಅವರಲ್ಲಿ ಬಹುತೇಕರು ಸ್ವತಃ ಅಂಗವಿಕಲರು, ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಅವರಿಗೆ ಗೊತ್ತು. ಅವರ ನಮೂನೆಯಲ್ಲಿ ಎರಡು ಪ್ರಶ್ನೆ ಸೇರಲಿ: ಕನ್ನಡಕ ಹಾಕಿಯೂ ಎದುರಿನವರ ಮುಖ ಗುರುತು ಸಿಗುವುದಿಲ್ಲವೇ, ಶ್ರವಣ ಸಾಧನ ಇದ್ದೂ ಪಕ್ಕದಲ್ಲಿ ಆಡಿದ ಮಾತು ತಿಳಿಯುವುದಿಲ್ಲವೇ? ಎರಡಕ್ಕೂ ಹೌದು ಎಂದವರ ಪಟ್ಟಿ ತಾಲ್ಲೂಕಿಗೆ ಬರಲಿ. ಮೊದಲಿಗೆ ತಾಲ್ಲೂಕಿಗೆ ಇಬ್ಬರು ಸಹಾಯಕರಿಗೆ ಸ್ಪರ್ಶ ಸಂವಹನ, ಜೊತೆಗೆ ನಡೆಸುವ ಕ್ರಮ ಕಲಿಸಿದರೆ ಸಾಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮುಂಬೈಯಲ್ಲಿ ಕಿವುಡರಿಗೂ ಕಿವುಡು-ಅಂಧರಿಗೂ 1977ರಲ್ಲಿ ಬೆರೋಜ್ ವಾಚಾ ಕಟ್ಟಿದ ಹೆಲೆನ್ ಕೆಲ್ಲರ್ ಸಂಸ್ಥೆ, ಅಹಮದಾಬಾದಿನಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಸೆನ್ಸ್ ಇಂಡಿಯಾ ಇವೆ. ಕಲಿಸಬಲ್ಲವರು ದೇಶದಲ್ಲೇ ಇದ್ದಾರೆ.

ಶಾಲೆಗಳಲ್ಲಿ ಮಾಡಬೇಕಾದದ್ದು ಇನ್ನೂ ಅಗ್ಗ. ಕಿವುಡ ಮಕ್ಕಳ ಶಾಲೆಯಲ್ಲಿ ಒಂದು ಮಗು ಸಂಜೆಗತ್ತಲಲ್ಲಿ ಎಡವುತ್ತಿದ್ದರೆ, ಮಬ್ಬು ಬೆಳಕಿನಲ್ಲಿ ಗೆಳೆಯರ ಸಂಜ್ಞೆ ಹಿಡಿಯಲಾಗದೆ ಸುಮ್ಮನಾಗುತ್ತಿದ್ದರೆ, ಅದು ಅಶರ್ ಸಿಂಡ್ರೋಮಿನ ಮೊದಲ ಲಕ್ಷಣ ಇರಬಹುದು. ಇರುಳುಗುರುಡು ಎಂದು ವಿಟಮಿನ್ ಎ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಕಿವುಡ ಮಕ್ಕಳಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಅಂಧ ಮಕ್ಕಳಿಗೆ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಕಡ್ಡಾಯವಾದರೆ, ಉಳಿದ ದೃಷ್ಟಿ ಇರುವಾಗಲೇ ಬ್ರೈಲ್ ಮತ್ತು ಸ್ಪರ್ಶ ಸಂಜ್ಞೆ ಕಲಿಸಲು ಕೆಲವು ವರ್ಷಗಳ ಸಮಯ ಸಿಗುತ್ತದೆ. ಕಣ್ಣು ಪೂರ್ತಿ ಹೋದ ಮೇಲೆ, ಮಾತಿನ ದಾರಿಯೇ ಮುಚ್ಚಿದ ಸ್ಥಿತಿಯಲ್ಲಿ, ಅದೇ ಪಾಠ ಹಲವು ಪಟ್ಟು ಕಷ್ಟ.

ಒಂದು ಎಚ್ಚರಿಕೆ ಮಾತ್ರ ಬೇಕು. ಪುನರ್ವಸತಿ ಕಾರ್ಯಕರ್ತರು ಪಡೆಯುವುದು ಸಂಬಳವಲ್ಲ, ಗೌರವಧನ. ನಮ್ಮಲ್ಲಿ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಆದಂತೆ, ಹೊಸ ಕೆಲಸವನ್ನು ಹಳೆಯ ಗೌರವಧನದೊಳಗೇ ತುರುಕುವ ಚಾಳಿ ಇಲ್ಲಿಗೂ ಬಂದರೆ ಎಲ್ಲವೂ ಕಾಗದದಲ್ಲೇ ಉಳಿಯುತ್ತದೆ. ಪಟ್ಟಿ ಮಾಡುವ ಕೆಲಸಕ್ಕೆ ಒಂದು ಮೊತ್ತ, ಜೊತೆಗಿದ್ದ ಗಂಟೆಗಳಿಗೆ ಬೇರೆ ಮೊತ್ತ ಎಂದು ಆದೇಶದಲ್ಲೇ ಬರೆಯಬೇಕು. ಆ ಗಂಟೆಗಳಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕುವವರು ಸೇವೆ ಪಡೆದ ಕಿವುಡು-ಅಂಧರೇ ಆಗಿರಬೇಕು, ಅವರ ಪರವಾಗಿ ಮನೆಯವರಲ್ಲ.