ಹುಲ್ಲಿನೊಳಗಣ ಸಕ್ಕರೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹುಲ್ಲಿನಲ್ಲಿಯೂ ಕಡಲೆಕಾಯಿ ಸಿಪ್ಪೆಯಲ್ಲಿಯೂ ಸಕ್ಕರೆ ಅಡಗಿದೆ. ಲಿಗ್ನಿನ್ ಎಂಬ ಗಟ್ಟಿ ಅಂಟು ಅದನ್ನು ಬಿಡಗೊಡದು. 2022ರ ಆಗಸ್ಟ್‌ನಲ್ಲಿ ಪಾಣಿಪತ್ತಿನಲ್ಲಿ ಉದ್ಘಾಟನೆಗೊಂಡ ಎಥನಾಲ್ ಕಾರ್ಖಾನೆಯ ಕ್ರಮವೂ ಭತ್ತದ ಹುಲ್ಲಿನ ಈ ಬಿಗಿಯನ್ನು ಮೊದಲು ಸಡಿಲಿಸಿ, ಬಳಿಕ ಕಿಣ್ವಗಳಿಂದ ಸಕ್ಕರೆ ಬಿಡಿಸುವುದೇ ಆಗಿದೆ. ನಮ್ಮ ಬರದ ಸೀಮೆಯಲ್ಲಾದರೋ ಹುಲ್ಲಿನ ಮೊದಲ ಹಕ್ಕು ದನಗಳದು. ಇಂಧನಕ್ಕೆ ಸಿಪ್ಪೆ ಹೋಗಲಿ ಎಂಬುದೇ ನಮ್ಮ ಮತ. (ಲಿಗ್ನಿನ್ ಅದರಲ್ಲಿಯೇ ಹೆಚ್ಚೆಂಬುದು ಬೇರೆ ಮಾತು!)

ಇದೇ ತತ್ತ್ವ ಕೊಟ್ಟಿಗೆಗೂ ಒದಗುತ್ತದೆ. 100 ಕಿಲೋ ಒಣ ಭತ್ತದ ಹುಲ್ಲಿಗೆ, 4 ಕಿಲೋ ಯೂರಿಯಾ ಕರಗಿಸಿದ 50 ಲೀಟರ್ ನೀರನ್ನು ಪದರಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡಬೇಕು. ಹುಟ್ಟುವ ಅಮೋನಿಯ ನಾರನ್ನು ಸಡಿಲಿಸುತ್ತದೆ. ತಿನ್ನಿಸುವ ಮುನ್ನ ಘಾಟು ಹೋಗುವಂತೆ ಹರಡಬೇಕು. 6 ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ಯೂರಿಯಾ ನೀರನ್ನು ದನ ಕುಡಿದರಂತೂ ಪ್ರಾಣಾಪಾಯ.