ಹೆರಿಗೆ ಕೋಣೆಯಲ್ಲಿ ಕಲಿಸುವವರ ಲೆಕ್ಕ ಎಲ್ಲಿದೆ?

ಬೆಳಗಾವಿ ಜಿಲ್ಲೆಯ ಹಾರೂಗೇರಿ ಭಾಗದಲ್ಲಿ ಕಾಯಿಲೆ ಸ್ವಲ್ಪ ದೊಡ್ಡದಾದರೆ ಮನೆಮಂದಿ ಕೇಳುವುದು ಒಂದೇ: ಬೆಳಗಾವಿಯೋ, ಮಿರಜವೋ? 1894ರಲ್ಲಿ ವಿಲಿಯಂ ವಾನ್ಲೆಸ್ ಮಿರಜದಲ್ಲಿ ಮಿಷನ್ ಆಸ್ಪತ್ರೆ ಆರಂಭಿಸಿದ ಮೇಲೆ ಕೃಷ್ಣಾ ತೀರದ ಕನ್ನಡ ಹಳ್ಳಿಗಳಿಗೂ ಆ ಊರಿಗೂ ನಂಟು ಬೆಳೆಯಿತು. ಆದರೆ ನಡುರಾತ್ರಿ ಹೆರಿಗೆ ನೋವು ಶುರುವಾದವಳಿಗೆ ಎರಡೂ ದೂರವೇ. ಆಗ ಕೈಹಿಡಿಯುವವರು ತಾಲ್ಲೂಕು ಆಸ್ಪತ್ರೆಯ ಸಿಸ್ಟರ್.

ಇಂಥ ಸಿಸ್ಟರ್‌ಗಳಿಗೆ ಹೆಚ್ಚಿನ ತರಬೇತಿ, ಹೆಚ್ಚಿನ ಅಧಿಕಾರ ಕೊಡಬೇಕೆಂದು ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ಹೊರಡಿಸಿತು. ‘ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ’ ಎಂಬ ಆ ಕೋರ್ಸ್ 18 ತಿಂಗಳದ್ದು. ತೊಡಕಿಲ್ಲದ ಹೆರಿಗೆಯನ್ನು ಆರಂಭದಿಂದ ಕೊನೆಯವರೆಗೆ ತಾನೇ ನೋಡಿಕೊಳ್ಳಬಲ್ಲ, ತೊಡಕು ಕಂಡ ಕೂಡಲೇ ವೈದ್ಯರಿಗೆ ಒಪ್ಪಿಸಬಲ್ಲ ನರ್ಸ್ ತಯಾರಾಗಬೇಕು ಎಂಬುದು ಗುರಿ. ಯೋಜನೆ ಒಳ್ಳೆಯದೇ. ಪ್ರಶ್ನೆ ಇರುವುದು ಕಲಿಸುವವರ ಬಗ್ಗೆ.

ಈ ವಿದ್ಯೆ ತರಗತಿಯಲ್ಲಿ ಬರುವುದಿಲ್ಲ. ಗರ್ಭಿಣಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಗಡಿಯಾರ ನೋಡುತ್ತ, 10 ನಿಮಿಷದಲ್ಲಿ ಎಷ್ಟು ಸಲ ನೋವು ಬಂತು, ಪ್ರತಿ ನೋವು ಎಷ್ಟು ಸೆಕೆಂಡು ನಿಂತಿತು ಎಂದು ಎಣಿಸಬೇಕು. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಿ, ಹೆರಿಗೆಯ ಪ್ರಗತಿ ತೋರಿಸುವ ನಕ್ಷೆಯಾದ ಪಾರ್ಟೋಗ್ರಾಫ್‌ನಲ್ಲಿ ಗುರುತು ಹಾಕಬೇಕು. ಗರ್ಭಕಂಠ ತೆರೆಯುವುದನ್ನು ತೋರಿಸುವ ಗೆರೆ ಬಲಕ್ಕೆ ವಾಲತೊಡಗಿದರೆ, ಅಂದರೆ ಹೆರಿಗೆ ನಿಧಾನವಾದರೆ, ಇನ್ನು ಕಾಯಬೇಕೋ, ಆಂಬುಲೆನ್ಸ್‌ಗೆ ಫೋನ್ ಮಾಡಬೇಕೋ? ಪಕ್ಕದಲ್ಲಿ ನುರಿತವರೊಬ್ಬರು ನಿಂತಿದ್ದರಷ್ಟೇ ಅದು ಕಲಿಯುವವಳ ಕೈಗೆ ಹತ್ತುತ್ತದೆ. ಹಾಗೆ ನಿಲ್ಲುವವರೇ ಪ್ರಿಸೆಪ್ಟರ್.

1965ರಲ್ಲಿ ಲೊರೆಟಾ ಫೋರ್ಡ್ ಮತ್ತು ಹೆನ್ರಿ ಸಿಲ್ವರ್ ಕೊಲರಾಡೊದಲ್ಲಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದ ಅಮೆರಿಕದಲ್ಲೂ ಇಂಥವರು ಸುಲಭಕ್ಕೆ ಸಿಗುವುದಿಲ್ಲ. ಎಷ್ಟೋ ವಿದ್ಯಾರ್ಥಿಗಳು ತಮ್ಮ ಪ್ರಿಸೆಪ್ಟರ್‌ರನ್ನು ತಾವೇ ಹುಡುಕಿಕೊಳ್ಳಬೇಕು, ಕೆಲವರು ಮಧ್ಯವರ್ತಿ ಕಂಪನಿಗಳಿಗೆ ದುಡ್ಡು ತೆರುತ್ತಾರೆ. ಇದನ್ನು ನೋಡಿ ಜಾರ್ಜಿಯಾ, ಮೇರಿಲ್ಯಾಂಡ್‌ನಂಥ ರಾಜ್ಯಗಳು ಕಲಿಸುವವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟವು. ಬಿಟ್ಟಿ ದುಡಿಮೆಯ ಮೇಲೆ ಶಿಕ್ಷಣ ನಡೆಯದು ಎಂದು ಅಲ್ಲಿನ ಸರ್ಕಾರಗಳೇ ಒಪ್ಪಿಕೊಂಡಂತಾಯಿತು.

ನಮ್ಮಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಹೀಗೆ ಅಲೆಯುವುದಿಲ್ಲ, ಕಾಲೇಜೇ ಪೋಸ್ಟಿಂಗ್ ಹಾಕಿಸುತ್ತದೆ. ಅಷ್ಟರ ಮಟ್ಟಿಗೆ ಪರವಾಗಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಲ್ಲಿ ಒಬ್ಬ ವಿದ್ಯಾರ್ಥಿಗೆ 3 ರೋಗಿಗಳ ಲೆಕ್ಕವಿದೆ, ಬಿ.ಎಸ್ಸಿ. ನರ್ಸಿಂಗ್‌ನ 2021ರ ಪಠ್ಯಕ್ರಮದಲ್ಲಿ ಪ್ರಿಸೆಪ್ಟರ್ ಎಂಬ ಹೆಸರೂ ಇದೆ. ವಾರ್ಡಿನಲ್ಲಿ ಮಾತ್ರ ಬೇರೆಯೇ ಚಿತ್ರ. ಒಂದು ಪಾಳಿಯನ್ನು ಒಬ್ಬರೇ ತೂಗಿಸುವ ನರ್ಸ್ ಇಂಜೆಕ್ಷನ್, ಕೇಸ್ ಶೀಟ್, ಸಂಬಂಧಿಕರ ಜಗಳ ಎಲ್ಲದರ ನಡುವೆ ನಾಲ್ಕು ಹುಡುಗಿಯರಿಗೂ ಹೇಳಿಕೊಡಬೇಕು. ಆಗದಿದ್ದರೆ ಆ ಹುಡುಗಿಯರು ಬಿ.ಪಿ. ನೋಡುವುದರಲ್ಲೇ ಪೋಸ್ಟಿಂಗ್ ಮುಗಿಸಿ ಲಾಗ್‌ಬುಕ್ಕಿಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ತಪ್ಪು ಯಾರದೆಂದು ಕೇಳಿ ಪ್ರಯೋಜನವಿಲ್ಲ.

ಆದ್ದರಿಂದ ರಾಯಬಾಗ, ಅಥಣಿ, ಚಿಕ್ಕೋಡಿ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಹೆರಿಗೆ ಮಾಡಿಸಿದ ನರ್ಸ್‌ಗಳನ್ನು ಆರಿಸಿ, ಪ್ರಿಸೆಪ್ಟರ್ ಎಂದು ಲಿಖಿತ ಆದೇಶ ಕೊಡಬೇಕು. ಕಲಿಸುವ ಪಾಳಿಯಲ್ಲಿ ಅವರ ಪಾಲಿನ ರೋಗಿಗಳನ್ನು ಕಡಿಮೆ ಮಾಡಬೇಕು, ಬಡ್ತಿಯಲ್ಲಿ ಆ ಸೇವೆಯನ್ನು ಎಣಿಸಬೇಕು. ಜಾಗಕ್ಕೇ ಜನವಿಲ್ಲ, ಕೆಲಸ ಕಡಿಮೆ ಮಾಡುವುದು ಹೇಗೆ ಎಂದು ಅಧಿಕಾರಿಗಳು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ವಿದ್ಯಾರ್ಥಿಗಳನ್ನು ಕಳಿಸುವ ಕಾಲೇಜಿನ ಬೋಧಕರು ಪಾಳಿ ಪೂರ್ತಿ ವಾರ್ಡಿನಲ್ಲಿದ್ದು ಹೆಗಲು ಕೊಡಲಿ. ಹಣದ ಮಾತಿಗೆ ಬಂದರೆ, ಸರ್ಕಾರಿ ಆಸ್ಪತ್ರೆಯಲ್ಲಿ ತರಬೇತಿಗೆಂದು ಖಾಸಗಿ ಕಾಲೇಜುಗಳು ಕಟ್ಟುವ ಶುಲ್ಕದಲ್ಲಿ ಒಂದು ಪಾಲನ್ನು ಕಲಿಸಿದ ನರ್ಸ್‌ನ ಖಾತೆಗೇ ಜಮಾ ಮಾಡಬಹುದು. ಅದಕ್ಕೆ ಬೇಕಾದದ್ದು ಆರೋಗ್ಯ ಇಲಾಖೆಯ ಒಂದು ಸುತ್ತೋಲೆ.