ಮೇಲೆ ಥಳಕು, ಒಳಗೆ ತುಕ್ಕು

ನಮ್ಮ ರಸ್ತೆಗಳಲ್ಲಿ ಓಡಾಡಿದ ಅಂಬಾಸಿಡರ್ ಕಾರಿಗೆ ಬ್ರಿಟನ್ನಿನಲ್ಲೊಬ್ಬ ದಾಯಾದಿ ಇದ್ದಾನೆ. ಹೆಸರು ಎಂಜಿಬಿ. ಇಬ್ಬರು ಕೂರುವ, ಬಟ್ಟೆಯ ಟಾಪು ಮಡಚಿಡುವ ಕಾರು. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್, ಎಂಜಿಬಿಯ 1798 ಸಿಸಿ ಎಂಜಿನ್ ಎರಡೂ ಬಿ-ಸೀರೀಸ್ ಎಂಬ ಒಂದೇ ಮನೆತನದವು.

1962ರಿಂದ 1980ರವರೆಗೆ ಅಬಿಂಗ್ಡನ್ ಊರಿನ ಕಾರ್ಖಾನೆಯಿಂದ ಹೊರಬಂದ ಈ ಕಾರನ್ನು ಅಲ್ಲಿನವರು ಇವತ್ತಿಗೂ ಹುಡುಕಿ ಕೊಳ್ಳುತ್ತಾರೆ. ನಾವು ಅದನ್ನು ಕೊಳ್ಳುವವರಲ್ಲ. ಆದರೆ ಅವರು ಕೊಳ್ಳುವ ರೀತಿಯಲ್ಲಿ, ಹಳೇ ಟ್ರ್ಯಾಕ್ಟರ್ ಕೊಳ್ಳುವ ನಮಗೂ ಒಂದು ಪಾಠ ಇದೆ.

ಬಲ್ಲವರು ಮೊದಲು ಎಂಜಿನ್ ನೋಡುವುದಿಲ್ಲ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಬಿಡಿಭಾಗ ಈಗಲೂ ಸಿಗುತ್ತವೆ. ಅವರು ನೋಡುವುದು ಬಾಗಿಲ ಕೆಳಗಿನ ಪಟ್ಟಿಯನ್ನು. ಅದಕ್ಕೆ ಸಿಲ್ ಅಂತಾರೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಮೇಲೆ ಗಟ್ಟಿ ಚಾವಣಿಯೂ ಇಲ್ಲ. ಹಾಗಾಗಿ ನಡುವಿನ ಭಾರ ಹೊರುವುದು ಈ ಸಿಲ್. ಅದು ತುಕ್ಕು ತಿಂದರೆ ಗಾಡಿ ನಡುವೆ ಕುಸಿಯುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ. ಮ್ಯಾಗ್ನೆಟ್ ಇಟ್ಟು ನೋಡುತ್ತಾರೆ. ಅಂಟದಿದ್ದರೆ ಬಣ್ಣದ ಕೆಳಗೆ ಕಬ್ಬಿಣ ಇಲ್ಲ, ಬರೀ ಪುಟ್ಟಿ.

ಆಮೇಲೆ ನೋಡುವುದು ಕಾಗದ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ಎಂಬ ತಪಾಸಣೆ ಉಂಟು. ಗಾಡಿ ನಂಬರ್ ಹಾಕಿದರೆ 2005ರಿಂದೀಚಿನ ತಪಾಸಣೆಯ ಫಲ ಯಾರಿಗಾದರೂ ಪುಕ್ಕಟೆ ಸಿಗುತ್ತದೆ: ಎಷ್ಟು ಮೈಲಿ ಓಡಿದೆ, ಎಲ್ಲಿ ತುಕ್ಕು ಕಂಡಿತ್ತು, ಯಾಕೆ ಫೇಲಾಯಿತು, ಎಲ್ಲ.

2018ರಿಂದ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಗಾಡಿಗೆ ಈ ತಪಾಸಣೆ ಕಡ್ಡಾಯವಲ್ಲ. ಆದರೂ ಕೆಲವು ಮಾಲೀಕರು ಮಾಡಿಸುತ್ತಾರೆ. ಕಾನೂನು ಕೇಳದಿದ್ದರೂ ತಪಾಸಣೆಗೆ ಒಯ್ದವನ ಕಾರು, ಹೊಸ ಬಣ್ಣ ಹೊಡೆಸಿದವನ ಕಾರಿಗಿಂತ ಮೇಲು. ಚೆನ್ನಾಗಿ ಕಾಪಾಡಿದ ಗಾಡಿ ಅಂದರೆ ಅದೇ.

ಈಗ ನಮ್ಮ ಕಡೆಗೆ ಬನ್ನಿ. ಒಡವೆ ಅಡವಿಟ್ಟು ಹಳೇ ಟ್ರ್ಯಾಕ್ಟರ್, ಗೂಡ್ಸ್ ಗಾಡಿ ತರುತ್ತೇವೆ. ಮೊಬೈಲಿನಲ್ಲಿ ಆರ್‌ಸಿ ನೋಡಬಹುದು, ಎಫ್‌ಸಿ ಎಲ್ಲಿವರೆಗೆ ಇದೆ ಅಂತ ನೋಡಬಹುದು. ಆದರೆ ತಪಾಸಣೆಯಲ್ಲಿ ಏನು ಕೆಟ್ಟಿತ್ತು, ಬ್ರೇಕ್ ಹೇಗಿತ್ತು ಅನ್ನುವುದು ಅಲ್ಲಿ ಕಾಣುವುದಿಲ್ಲ. ಮಾರುವವನ ಬಾಯಿಮಾತೇ ನಮಗೆ ದಾಖಲೆ.

ಶೋಕಿಯ ಕಾರು ಕೊಳ್ಳುವವನಿಗೆ ಅಲ್ಲಿ ಸಿಗುವ ಮಾಹಿತಿ, ಹೊಟ್ಟೆಪಾಡಿನ ಗಾಡಿ ಕೊಳ್ಳುವ ನಮ್ಮ ರೈತನಿಗೆ ಯಾಕೆ ಸಿಗಬಾರದು? ತಪಾಸಣೆ ಇಲ್ಲೂ ನಡೆಯುತ್ತದೆ. ಅದರ ವಿವರವನ್ನು ಗಾಡಿ ನಂಬರಿನ ಜೊತೆ ಎಲ್ಲರಿಗೂ ತೆರೆದಿಡಿ ಎಂದು ಸಾರಿಗೆ ಇಲಾಖೆಯನ್ನು ನಾವು ಕೇಳಲೇಬೇಕು.

ಅಲ್ಲಿಯವರೆಗೆ ಹಳೇ ಗಾಡಿ ನೋಡಲು ಹೋಗುವಾಗ ಜೇಬಿನಲ್ಲೊಂದು ಮ್ಯಾಗ್ನೆಟ್ ಇರಲಿ. ಜೊತೆಗೆ ನಿಮ್ಮೂರ ಮೆಕ್ಯಾನಿಕ್ ಇರಲಿ. ಬಣ್ಣ ನೋಡಿ ಅಡ್ವಾನ್ಸ್ ಕೊಡಬೇಡಿ.